ರಾತ್ರಿ ಸಿರಪ್ ಕುಡಿಸಿದ ಮೇಲೆ ಒಂದು ಗುಟುಕು ನೀರು

ಚಿಕ್ಕಬಳ್ಳಾಪುರದಲ್ಲಿ ಚಳಿ ಶುರುವಾದರೆ ಮಕ್ಕಳಿಗೆ ನೆಗಡಿ, ಕೆಮ್ಮು, ಉಬ್ಬಸ ಒಂದರ ಹಿಂದೆ ಒಂದು. ಅದೇ ಮಕ್ಕಳಲ್ಲಿ ಕೆಲವರು ಆಮೇಲೆ ಹಲ್ಲುನೋವು ಅಂತ ನನ್ನ ಹತ್ತಿರ ಬರುತ್ತಾರೆ. "ಚಾಕಲೇಟೇ ಕೊಡಲ್ಲ ಮೇಡಂ, ಆದ್ರೂ ಹುಳುಕಾಗಿದೆ" ಅಂತಾರೆ ತಾಯಂದಿರು. ಅವರ ಮಾತನ್ನು ನಾನು ನಂಬುತ್ತೇನೆ. ಮುಂದೆ ನಾನು ಕೇಳೋದು ಔಷಧಿಯ ಬಗ್ಗೆ: ಯಾವುದು, ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ?

ಕಹಿ ಗೊತ್ತಾಗಬಾರದು, ಔಷಧಿ ಬೇಗ ಕೆಡಬಾರದು ಅಂತ ಸಿರಪ್‌ಗೆ ಸಕ್ಕರೆ ಹಾಕುತ್ತಾರೆ. ಔಷಧಿ ಬೆರೆಸಲು ಬಳಸುವ ಸಾದಾ ಸಿರಪ್‌ನ ತೂಕದಲ್ಲಿ ಮೂರನೇ ಎರಡು ಪಾಲು ಸಕ್ಕರೆಯೇ. ಬಾಯಲ್ಲಿರುವ ಬ್ಯಾಕ್ಟೀರಿಯಾ ಈ ಸಕ್ಕರೆ ತಿಂದು ಹುಳಿ (ಆಮ್ಲ) ಬಿಡುತ್ತವೆ. ಎಷ್ಟೋ ಸಿರಪ್‌ಗಳಲ್ಲಿ ಹುಳಿ ಅಂಶವೂ ಇರುತ್ತದೆ. ಹುಳಿಯ ಅಳತೆ ಪಿಎಚ್, ಹುಳಿ ಜಾಸ್ತಿಯಾದಷ್ಟೂ ಅದು ಇಳಿಯುತ್ತದೆ. ಬಾಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗಲು ಶುರುವಾಗುತ್ತದೆ. ಹಾಲು ಹಲ್ಲಿನ ಎನಾಮೆಲ್ ಮೊದಲೇ ತೆಳು. ಹುಳುಕು ಬೇಗ ನರದ ತನಕ ಹೋಗುತ್ತದೆ.

ಐದು ದಿನ ಆಂಟಿಬಯೋಟಿಕ್ ಕುಡಿಸಿದ್ದಕ್ಕೆ ಹಲ್ಲು ಹಾಳಾಗಲ್ಲ, ಆ ಭಯ ಬೇಡ. ಕೋರ್ಸ್ ಪೂರ್ತಿ ಕೊಡಿ. ನನಗೆ ಚಿಂತೆ ಇರೋದು ತಿಂಗಳುಗಟ್ಟಲೆ ಸಿಹಿ ಔಷಧಿ ತಗೊಳ್ಳೋ ಮಕ್ಕಳದ್ದು. ಫಿಟ್ಸ್ ಇರುವವರು, ಪದೇ ಪದೇ ಉಬ್ಬಸ ಬರುವವರು, ಯಾವಾಗಲೂ ಟಾನಿಕ್ ಮೇಲಿರುವವರು. ಅದರಲ್ಲೂ ರಾತ್ರಿಯ ಡೋಸ್. ಮಗು ಅರೆನಿದ್ದೆಯಲ್ಲಿರುತ್ತದೆ, ಒಂದು ಮುಚ್ಚಳ ಕುಡಿಸಿ ಹಾಗೇ ಮಲಗಿಸುತ್ತೇವೆ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಹಗಲಲ್ಲಿ ಬಾಯಿ ತೊಳೆಯೋದು, ಹುಳಿ ತಗ್ಗಿಸೋದು ಈ ಜೊಲ್ಲೇ. ನೆಗಡಿಯ ಕೆಲವು ಔಷಧಿಗಳು ಬಾಯನ್ನು ಇನ್ನೂ ಒಣಗಿಸುತ್ತವೆ. ಅಂಟು ಸಿರಪ್ ಬೆಳಗಿನವರೆಗೂ ಹಲ್ಲಿನ ಮೇಲೇ ಕೂತಿರುತ್ತದೆ.

ಮಗುವಿನ ಮೇಲ್ದುಟಿ ಎತ್ತಿ ಬೆಳಕಲ್ಲಿ ನೋಡಿ. ಮುಂದಿನ ಹಲ್ಲುಗಳಲ್ಲಿ ಒಸಡಿನ ಪಕ್ಕಕ್ಕೇ ಸೀಮೆಸುಣ್ಣ ಎಳೆದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಆಗಲೇ ಬಂದರೆ ಡ್ರಿಲ್ ಇಲ್ಲದೆ, ಎನಾಮೆಲ್ ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಹಚ್ಚಿ ಬಹಳಷ್ಟು ಸಲ ಅಲ್ಲಿಗೇ ತಡೆಯಬಹುದು. ಕಬ್ಬಿಣದ ಟಾನಿಕ್‌ನಿಂದ ಬರುವ ಕಪ್ಪು ಕಲೆ ಬೇರೆ. ಅದು ಹುಳುಕಲ್ಲ, ಕ್ಲೀನ್ ಮಾಡಿದರೆ ಹೋಗುತ್ತದೆ.

"ಸಿಮೆಂಟ್ ಹಾಕ್ಸಿದ್ದೀವಲ್ಲ, ಇನ್ನೇನು?" ಅನ್ನೋರೂ ಇದ್ದಾರೆ. ಮಕ್ಕಳ ಹಲ್ಲಿಗೆ ನಾವು ಹೆಚ್ಚಾಗಿ ತುಂಬುವುದು ಗ್ಲಾಸ್ ಅಯೊನೊಮರ್. ಒಳ್ಳೆಯ ವಸ್ತು, ತಾನೇ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಆದರೆ ಹುಳಿ ಪದೇ ಪದೇ ತಾಗಿದರೆ ಅದರ ಮೇಲ್ಮೈ ಸವೆದು ಒರಟಾಗುತ್ತದೆ. ಒರಟಾದಲ್ಲಿ ಪಾಚಿ, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಬೇಗ ಕೂರುತ್ತದೆ. ಸಿಮೆಂಟೂ ಹಲ್ಲೂ ಸೇರುವ ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ, ಅಲ್ಲಿಂದ ಹುಳುಕು ಮತ್ತೆ ಒಳಗೆ ಹೋಗುತ್ತದೆ. ಹಾಲು ಹಲ್ಲು ಹೇಗೂ ಬೀಳುತ್ತೆ ಅಲ್ವಾ ಅನ್ನಬೇಡಿ. ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು. ಅಲ್ಲಿಯವರೆಗೆ ಮಗು ಅಗಿದು ತಿನ್ನೋದು ಅವುಗಳಲ್ಲೇ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಊಟದ ಜೊತೆ ಕೊಡಬಹುದಾದ ಔಷಧಿಯನ್ನು ಊಟದ ಜೊತೆಗೇ ಕೊಡಿ. ಕುಡಿಸಿದ ತಕ್ಷಣ ನೀರು ಕೊಡಿ, ದೊಡ್ಡ ಮಗುವಾದರೆ ಬಾಯಿ ಮುಕ್ಕಳಿಸಲಿ. ಹಸುಗೂಸಿಗೆ ಒದ್ದೆ ಬಟ್ಟೆಯಿಂದ ಹಲ್ಲು ಒರೆಸಿದರೆ ಸಾಕು. ಬ್ರಷ್ ಅರ್ಧ ಗಂಟೆ ಬಿಟ್ಟು ಮಾಡಿಸಿ, ಮೆತ್ತಗಾದ ಎನಾಮೆಲ್ ಉಜ್ಜಿದರೆ ಸವೆಯುತ್ತದೆ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅತಿಯಾಗಿ ಹಲ್ಲು ಕಲೆಯಾಗುವ ಕಾಟ ಕಂಡವರು ಫ್ಲೋರೈಡ್ ಇರುವ ಪೇಸ್ಟ್‌ಗೂ ಹೆದರುತ್ತಾರೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಬೇಕಾದ್ದು ಅಕ್ಕಿಕಾಳಿನಷ್ಟು ಪೇಸ್ಟ್, ಅದನ್ನೂ ಒರೆಸಿ ತೆಗೆಯಬಹುದು. ಕುಡಿಯೋದು ಯಾವ ನೀರು ಅಂತ ದಂತವೈದ್ಯರಿಗೆ ಹೇಳಿ, ಅವರು ನೋಡಿ ತೀರ್ಮಾನಿಸುತ್ತಾರೆ.

ಸಕ್ಕರೆ ಇಲ್ಲದ್ದು ಸಿಗುತ್ತದಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಸಿಕ್ಕರೂ ನೀರು ಕುಡಿಸೋದು ಬಿಡಬೇಡಿ, ಅದರಲ್ಲಿ ಹುಳಿ ಇರಬಹುದು. ಫಿಟ್ಸ್ ಔಷಧಿಯ ಹೊತ್ತನ್ನು ಮಾತ್ರ ಹಲ್ಲಿನ ಕಾರಣಕ್ಕೆ ನೀವಾಗೇ ಬದಲಾಯಿಸಬೇಡಿ. ಅದನ್ನು ಬರೆದುಕೊಟ್ಟ ಡಾಕ್ಟರೇ ಹೇಳಬೇಕು.