ಮುಂದಿನ ಗಾಲಿಗಳು ಕಳೆದುಕೊಂಡ ತೂಕ

ಗಾಲಿಗಳ ಮೇಲಿನ ಪುಟ್ಟ ಮನೆಯಂತಿರುವ ಪ್ರವಾಸದ ಟ್ರೈಲರನ್ನು ಸಿಕ್ಕಿಸಿದೊಡನೆ ಎಳೆಯುವ ವಾಹನದ ಹಿಂಬದಿ ಕುಗ್ಗುತ್ತದೆ. ಎಲ್ಲರ ಕಣ್ಣಿಗೆ ಬೀಳುವುದು ಅದೇ. ಹಾಗಾಗಿ ‘ವೇಟ್ ಡಿಸ್ಟ್ರಿಬ್ಯೂಷನ್ ಹಿಚ್’ (ಟ್ರೈಲರನ್ನು ವಾಹನಕ್ಕೆ ಜೋಡಿಸಿ ಅದರ ಭಾರವನ್ನು ಗಾಲಿಗಳಿಗೆ ಹಂಚುವ ಸಾಧನ) ಇರುವುದೇ ಕುಗ್ಗಿದ ಹಿಂಬದಿಯನ್ನು ಎತ್ತಲಿಕ್ಕೆ ಎಂದು ಹಲವರು ತಿಳಿದಿದ್ದಾರೆ. ಅಸಲು ತೊಂದರೆ ಇರುವುದು ಮುಂದೆ. ದಿಕ್ಕು ತಿರುಗಿಸುವ, ಬ್ರೇಕಿನ ದೊಡ್ಡ ಪಾಲನ್ನು ಹೊರುವ ಮುಂದಿನ ಗಾಲಿಗಳು ಹಗುರಾಗಿರುತ್ತವೆ.

ಒಂದು ಲೆಕ್ಕ ಹಾಕೋಣ. 2,500 ಕಿಲೋ ತೂಕದ ಟ್ರೈಲರಿನ ಮೂತಿ ತಾನು ಕೂರುವ ಉಕ್ಕಿನ ಚೆಂಡಿನ, ಅಂದರೆ ಹಿಚ್‌ನ ಗುಂಡಿನ ಮೇಲೆ 300 ಕಿಲೋ ಹೇರುತ್ತಿದೆ, ಅಂದರೆ ಶೇ. 12. ಇಂಥ ಹಿಚ್‌ಗಳ ಬಳಕೆ ಹೆಚ್ಚಾಗಿರುವ ಉತ್ತರ ಅಮೆರಿಕದಲ್ಲಿ ಇದು ಶೇ. 10ರಿಂದ 15ರೊಳಗಿರಲಿ ಎನ್ನುತ್ತಾರೆ. ತೀರಾ ಕಡಿಮೆಯಾದರೆ ವೇಗ ಏರಿದಾಗ ಟ್ರೈಲರ್ ಅಕ್ಕಪಕ್ಕಕ್ಕೆ ಓಲಾಡತೊಡಗುತ್ತದೆ. ಗುಂಡು ಹಿಂದಿನ ಆಕ್ಸಲ್‌ನಿಂದ 1.4 ಮೀಟರ್ ಹಿಂದಿದೆ. ವಾಹನದ ಎರಡು ಆಕ್ಸಲ್‌ಗಳ ನಡುವೆ 3.5 ಮೀಟರ್. ಈಗ ವಾಹನವೇ ಒಂದು ಸನ್ನೆಕೋಲು, ಹಿಂದಿನ ಆಕ್ಸಲ್ ಅದರ ಆನಿಕೆ. ಮುಂದಿನ ಗಾಲಿಗಳ ಮೇಲಿಂದ 120 ಕಿಲೋ ಕಡಿಮೆಯಾಗುತ್ತದೆ. ಹಿಂದಿನವುಗಳ ಮೇಲೆ ಬೀಳುವುದು 300 ಅಲ್ಲ, 420. ಗಟ್ಟಿ ಸ್ಪ್ರಿಂಗನ್ನೋ ಗಾಳಿಚೀಲವನ್ನೋ ಹಾಕಿ ಹಿಂಬದಿ ಎತ್ತಿದರೆ ವಾಹನ ಮಟ್ಟಸವಾಗಿ ಕಾಣುತ್ತದೆ, ಈ ಅಂಕಿಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ.

ಹಿಚ್ ಮಾಡುವ ಕೆಲಸ ಬೇರೆ. ಅದರ ತಲೆಯಿಂದ ಎರಡು ಸ್ಪ್ರಿಂಗ್ ಬಾರ್‌ಗಳು ಟ್ರೈಲರಿನ ಕೆಳಗೆ ಹಿಂದಕ್ಕೆ ಚಾಚಿರುತ್ತವೆ. ಸರಪಳಿ ಅವುಗಳ ತುದಿಯನ್ನು ಮೇಲಕ್ಕೆ ಜಗ್ಗಿ ಟ್ರೈಲರಿನ ಚೌಕಟ್ಟಿಗೆ ಬಿಗಿದಿರುತ್ತದೆ. ವಾಹನದ ಹಿಂದೆ ಎರಡು ಉದ್ದನೆಯ ಹಿಡಿಗಳನ್ನು ಬೆಸೆದು ಯಾರೋ ತುದಿ ಹಿಡಿದು ಎತ್ತಿದರೆ ಏನಾಗುತ್ತದೋ ಇಲ್ಲಿ ಆಗುವುದೂ ಅದೇ: ವಾಹನದ ಮೂತಿ ಕೆಳಗೊತ್ತುತ್ತದೆ. ಸರಪಳಿ ಎಳೆದಷ್ಟೂ ಟ್ರೈಲರಿನ ಗಾಲಿಗಳ ಮೇಲೂ ಭಾರ ಹೆಚ್ಚುತ್ತದೆ. ಗುಂಡಿನಿಂದ ಟ್ರೈಲರಿನ ಆಕ್ಸಲ್‌ಗೆ 5.6 ಮೀಟರ್ ಇದ್ದರೆ, ಮುಂದಿನ ಗಾಲಿಗಳಿಗೆ 60 ಕಿಲೋ ಮರಳಿಸುವಾಗ ಟ್ರೈಲರಿನ ಗಾಲಿಗಳಿಗೆ 30 ಕಿಲೋ ಹೋಗುತ್ತದೆ. ಹಿಂದಿನ ಆಕ್ಸಲ್‌ನ ಹೆಚ್ಚುವರಿ ಹೊರೆ 420ರಿಂದ 330ಕ್ಕೆ ಇಳಿಯುತ್ತದೆ. ಒಟ್ಟು 300 ಕಿಲೋದಲ್ಲಿ ಒಂದು ಗ್ರಾಮೂ ಮಾಯವಾಗಿಲ್ಲ. ವಾಹನದ ತೂಕದ ಮಿತಿಯೂ ಇದರಿಂದ ಹೆಚ್ಚುವುದಿಲ್ಲ.

ಜೋಡಿಸುವಾಗ ಬೇಕಾದ ಮುಖ್ಯ ಸಲಕರಣೆ ಒಂದು ಅಳತೆಪಟ್ಟಿ. ಪ್ರಯಾಣಕ್ಕೆ ತುಂಬುವಷ್ಟೇ ಸಾಮಾನು ತುಂಬಿ, ಸಮನೆಲದಲ್ಲಿ ಟ್ರೈಲರನ್ನು ಮಟ್ಟವಾಗಿ ನಿಲ್ಲಿಸಿ ಗುಂಡಿನ ಎತ್ತರ ಹೊಂದಿಸಬೇಕು. ಆಮೇಲೆ ಮುಂದಿನ ಗಾಲಿಯ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡುವುದು. ಟ್ರೈಲರ್ ಇಲ್ಲದಾಗ 90 ಸೆಂಟಿಮೀಟರ್, ಬಾರ್ ಬಿಗಿಯದೆ ಸಿಕ್ಕಿಸಿದಾಗ 93 ಎಂದಾದರೆ, ಬಾರ್ ಬಿಗಿದ ಮೇಲೆ 91.5ಕ್ಕೆ ಬಂದರೆ ಅರ್ಧ ತೂಕ ಮರಳಿದೆ ಎಂದು ಸ್ಥೂಲವಾಗಿ ಹೇಳಬಹುದು. ಸಾಲದಿದ್ದರೆ ಸರಪಳಿಯ ಒಂದು ಕೊಂಡಿ ಬಿಗಿ, ಅಥವಾ ಹಿಚ್ ತಲೆಯ ಓರೆ ಬದಲಿಸು. ಈ ಕೊಂಡಿ ಸಿಕ್ಕಿಸುವ ಹೊತ್ತು ಅಪಾಯದ್ದು. ಬಾಗಿದ ಬಾರ್ ಚಿಮ್ಮಿದರೆ ಮೂಳೆ ಮುರಿಯುತ್ತದೆ. ಜಾಕ್‌ನಿಂದ ಟ್ರೈಲರಿನ ಮೂತಿಯನ್ನೂ ವಾಹನದ ಹಿಂಬದಿಯನ್ನೂ ಒಟ್ಟಿಗೆ ಎತ್ತಿಕೊಂಡರೆ ಬಲ ಪ್ರಯೋಗಿಸುವ ಅಗತ್ಯವೇ ಬರುವುದಿಲ್ಲ.

ಅರ್ಧವೇ ಏಕೆ, ಪೂರ್ತಿ 90ಕ್ಕೇ ತಂದರಾಗದೆ? ಇಲ್ಲೇ ಬಹಳ ಜನ ಎಡವುತ್ತಾರೆ. ಬಿಗಿ ಮಾಡಿದಷ್ಟೂ ಹಿಂದಿನ ಗಾಲಿಗಳ ಮೇಲಿನ ಭಾರ ತಗ್ಗುತ್ತದೆ, ಆದರೆ ಟ್ರೈಲರ್ ಅಡ್ಡಕ್ಕೆ ತಳ್ಳಿದಾಗ ತಡೆದು ನಿಲ್ಲಬೇಕಾದವು ಆ ಗಾಲಿಗಳೇ. ಅತಿಯಾಗಿ ಬಿಗಿದ ವಾಹನ ತಿರುವಿನಲ್ಲಿ ಹಿಂಬದಿಯ ಹಿಡಿತವನ್ನು ಮೊದಲು ಬಿಟ್ಟುಕೊಡುತ್ತದೆ. ಇದು ಮುಂಬದಿ ಜಾರುವುದಕ್ಕಿಂತ ಕೆಟ್ಟದ್ದು. ಅದಕ್ಕೇ ಈಗ ಹಲವು ವಾಹನ ತಯಾರಕರು ಕೈಪಿಡಿಯಲ್ಲಿ ಅರ್ಧ ಸಾಕೆನ್ನುತ್ತಾರೆ. ಹಿಂಬದಿ ತುಸು ಕುಗ್ಗಿಯೇ ಇದ್ದರೆ ಇರಲಿ ಬಿಡಿ.

ಅಳತೆಪಟ್ಟಿ ಹೇಳಿದ್ದನ್ನು ವೇಬ್ರಿಡ್ಜ್ ಮೇಲೆ ಒಮ್ಮೆ ತಾಳೆ ನೋಡುವುದು ಒಳ್ಳೆಯದು: ವಾಹನ ಮಾತ್ರ, ಬಾರ್ ಇಲ್ಲದೆ ಟ್ರೈಲರ್ ಸಮೇತ, ಬಾರ್ ಬಿಗಿದು. ಪ್ರತಿ ಸಲವೂ ಆಕ್ಸಲ್‌ಗಳ ತೂಕ ಬೇರೆಬೇರೆಯಾಗಿ ಸಿಗಬೇಕು. ನೀರಿನ ಟ್ಯಾಂಕನ್ನೂ ಮರೆಯುವಂತಿಲ್ಲ. ನಮ್ಮ ಲೆಕ್ಕದ ಟ್ರೈಲರಿನಲ್ಲಿ ಆಕ್ಸಲ್‌ಗಿಂತ 2 ಮೀಟರ್ ಮುಂದೆ 150 ಲೀಟರ್ ನೀರು ತುಂಬಿದರೆ ಗುಂಡಿನ ಮೇಲೆ ಸುಮಾರು 54 ಕಿಲೋ ಹೆಚ್ಚುತ್ತದೆ. ಅಷ್ಟೇ ದೂರ ಹಿಂದಿದ್ದರೆ ಅಷ್ಟೇ ಇಳಿಯುತ್ತದೆ. ಖಾಲಿ ಟ್ಯಾಂಕಿನಲ್ಲಿ ಅಳೆದು ತುಂಬಿದ ಟ್ಯಾಂಕಿನಲ್ಲಿ ಹೊರಟರೆ ಕೊಂಡಿಯ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.