ಹಳೆ ಲ್ಯಾಪ್‌ಟಾಪ್‌ನಿಂದ ನಮ್ಮದೇ ಹಾಡುಗಳನ್ನು ಫೋನ್‌ನಲ್ಲಿ ಕೇಳಬಹುದಾ?

ಪ್ರಶ್ನೆ: ಹಲವು ವರ್ಷಗಳಿಂದ ಕೂಡಿಟ್ಟ ಸುಮಾರು 5,000 ಹಾಡುಗಳು ನನ್ನ ಹಾರ್ಡ್ ಡಿಸ್ಕ್‌ನಲ್ಲಿವೆ. ಅವನ್ನು ಹಳೆ ಲ್ಯಾಪ್‌ಟಾಪ್‌ಗೆ ಹಾಕಿ, ಎಲ್ಲಿದ್ದರೂ ಫೋನ್‌ನಲ್ಲಿ ಕೇಳುವ ಹಾಗೆ ಮಾಡಬಹುದಾ? ಪ್ರೋಗ್ರಾಮಿಂಗ್ ಗೊತ್ತಿರಬೇಕಾ?

ಉತ್ತರ: ಮಾಡಬಹುದು. ಪ್ರೋಗ್ರಾಮಿಂಗ್ ಏನೂ ಬೇಡ. ಸರ್ವರ್, ಅಂದರೆ ಲ್ಯಾಪ್‌ಟಾಪ್‌ನಿಂದ ಫೋನ್‌ಗೆ ಹಾಡು ಕಳಿಸುವ ತಂತ್ರಾಂಶ, ಹಾಕುವುದು ಒಂದು ಸಂಜೆಯ ಕೆಲಸ. ಹಾಡುಗಳನ್ನು ಓರಣವಾಗಿಡುವುದಕ್ಕೆ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ. ಬಹಳ ಜನ ಕೈಚೆಲ್ಲುವುದು ಅಲ್ಲೇ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಬರೀ ಹಾಡಿಗಾದರೆ ನನ್ನ ಆಯ್ಕೆ ನ್ಯಾವಿಡ್ರೋಮ್ ಎಂಬ ಸರ್ವರ್. ಉಚಿತ, ಹಗುರ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡುತ್ತದೆ. ವಿಡಿಯೋನೂ ಬೇಕು ಅನ್ನುವವರು ಜೆಲ್ಲಿಫಿನ್ ನೋಡಬಹುದು. ನ್ಯಾವಿಡ್ರೋಮ್‌ಗೆ ಹಾಡುಗಳ ಫೋಲ್ಡರ್ ತೋರಿಸಿ, ಬ್ರೌಸರ್‌ನಲ್ಲಿ ಆ ಲ್ಯಾಪ್‌ಟಾಪ್‌ನ ವಿಳಾಸದ ಕೊನೆಗೆ :4533 (ನ್ಯಾವಿಡ್ರೋಮ್‌ನ ಪೋರ್ಟ್, ಅಂದರೆ ಬಾಗಿಲ ಸಂಖ್ಯೆ) ಹಾಕಿ ತೆರೆದು, ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಇದು ಸಬ್‌ಸಾನಿಕ್ ಎಂಬ ಹಳೆಯ ಸರ್ವರ್‌ನ ಭಾಷೆ ಮಾತಾಡುತ್ತದೆ. ಹಾಗಾಗಿ ಆ ಭಾಷೆ ಬಲ್ಲ ಯಾವ ಆಪ್ ಆದರೂ ನಡೆಯುತ್ತದೆ: ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ, ಐಫೋನ್‌ನಲ್ಲಿ ಆಂಪರ್‌ಫೈ. ಲ್ಯಾಪ್‌ಟಾಪ್ ಮುಚ್ಚಿದರೂ ನಿದ್ದೆಗೆ ಜಾರದ ಹಾಗೆ ಸೆಟ್ಟಿಂಗ್ ಬದಲಿಸಲು ಮರೆಯಬೇಡಿ.

ಈಗ ಅಸಲಿ ಕೆಲಸ. ನೀವು ಎಷ್ಟೇ ಚೆಂದವಾಗಿ ಫೋಲ್ಡರ್ ಜೋಡಿಸಿಟ್ಟಿದ್ದರೂ ನ್ಯಾವಿಡ್ರೋಮ್ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅದು ಓದುವುದು ಫೈಲ್ ಒಳಗಿನ ಟ್ಯಾಗ್‌ಗಳನ್ನು: ಹಾಡು, ಆಲ್ಬಮ್, ಕಲಾವಿದರು, ವರ್ಷ. ಮೊದಲ ಸಲ ನಾನು ಸ್ಕ್ಯಾನ್ ಮಾಡಿದಾಗ ಒಂದೇ ಸಿನಿಮಾದ ಆರು ಹಾಡು ಆರು ಆಲ್ಬಮ್ ಆಗಿ ಕೂತಿದ್ದವು. ಹಾಡಿಗೊಬ್ಬ ಗಾಯಕರು, ಅಲ್ವಾ? ‘ಆಲ್ಬಮ್ ಆರ್ಟಿಸ್ಟ್’ ಎಂಬ ಟ್ಯಾಗ್ ಖಾಲಿ ಇತ್ತು. ಆರಕ್ಕೂ ಅಲ್ಲಿ ಸಂಗೀತ ನಿರ್ದೇಶಕರ ಒಂದೇ ಹೆಸರು ಹಾಕಿದ ಮೇಲೆ ಒಟ್ಟಿಗೆ ಬಂದವು. ಒಂದೇ ಹೆಸರು ಅಂದರೆ ಅಕ್ಷರಕ್ಷರವೂ ಒಂದೇ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ಅದರ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು.

ಇದಕ್ಕೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಒಳ್ಳೆಯ ಸಾಧನ. ಧ್ವನಿಯ ಗುರುತು ಹಿಡಿದೇ ಇದು ಯಾವ ಹಾಡು ಅಂತ ಹುಡುಕುತ್ತದೆ. ಆದರೆ ಕಣ್ಣುಮುಚ್ಚಿ ಒಪ್ಪಬೇಡಿ. ಅಪರೂಪದ ಹಾಡಿಗೆ ಇನ್ಯಾವುದೋ ಸಂಗ್ರಹದ ಹೆಸರು ಅಂಟಿಸಿಬಿಡುತ್ತದೆ. 20-30 ಆಲ್ಬಮ್‌ಗಳನ್ನು ಮೊದಲು ಸರಿಮಾಡಿ, ಕೇಳಲು ಶುರುಮಾಡಿ. ಉಳಿದದ್ದನ್ನು ಬಿಡುವಾದಾಗ ಮಾಡಿದರಾಯಿತು. 5,000ಕ್ಕೂ ಒಟ್ಟಿಗೆ ಕೈಹಾಕಿದರೆ ಸುಸ್ತಾಗಿ ಬಿಟ್ಟುಬಿಡುತ್ತೀರಿ.

ಜಾಗದ ಲೆಕ್ಕ ಸರಳ. 5 ನಿಮಿಷದ ಹಾಡು 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3ಯಲ್ಲಿ 12 ಎಂಬಿ. ಗುಣಮಟ್ಟ ಕಳೆಯದೆ ಕುಗ್ಗಿಸುವ, ಸಿಡಿ ಗುಣಮಟ್ಟದ ಫ್ಲ್ಯಾಕ್ ಫೈಲ್ ಆದರೆ ಸುಮಾರು 30 ಎಂಬಿ, ಅಂದರೆ 5,000 ಹಾಡಿಗೆ 150 ಜಿಬಿ. ಹೊರಗಡೆ ಮೊಬೈಲ್ ಡೇಟಾ ಜಾಸ್ತಿ ಖರ್ಚಾಗಬಾರದು ಅಂದರೆ, ಕಳಿಸುವಾಗಲೇ 128 ಕೆಬಿಪಿಎಸ್ ಓಪಸ್ ಎಂಬ ಚಿಕ್ಕ ಫೈಲ್ ಮಾದರಿಗೆ ಇಳಿಸುವ ಹಾಗೆ ನ್ಯಾವಿಡ್ರೋಮ್‌ಗೆ ಹೇಳಿಡಿ. ಅದೇ ಹಾಡು 5 ಎಂಬಿಯಲ್ಲಿ ಬರುತ್ತದೆ. ಮೂಲ ಫೈಲ್ ಹಾಗೇ ಇರುತ್ತದೆ. ಬಸ್ಸಿನ ಗಲಾಟೆಯಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಿಲ್ಲ.

ಹೊರಗಿನಿಂದ ಕೇಳಲು ಕೆಲವರು ರೌಟರ್‌ನಲ್ಲಿ ಪೋರ್ಟ್ ತೆರೆಯುತ್ತಾರೆ. ಸುಮ್ನೆ ಬೀದಿಗೆ ಬಾಗಿಲು ತೆರೆದಿಟ್ಟ ಹಾಗೆ, ಬೇಡ. ಲ್ಯಾಪ್‌ಟಾಪ್‌ಗೂ ಫೋನ್‌ಗೂ ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಎಂಬ ಗೂಢಲಿಪಿ ತಂತ್ರದ ಮೇಲೆ ಕಟ್ಟಿದ ಖಾಸಗಿ ಜಾಲ ಅದು, ನಿಮ್ಮ ಸಾಧನಗಳಿಗಷ್ಟೇ ದಾರಿ.

ಹಳೆ ಡಿಸ್ಕ್ ಯಾವತ್ತಾದರೂ ಕೈಕೊಡುತ್ತದೆ. ಹಾಡುಗಳ ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿರಲಿ. ಜೊತೆಗೆ ನ್ಯಾವಿಡ್ರೋಮ್‌ನ ಡೇಟಾ ಫೋಲ್ಡರನ್ನೂ ಕಾಪಿ ಮಾಡಿ. ನೀವು ಕಟ್ಟಿದ ಪ್ಲೇಲಿಸ್ಟ್‌ಗಳು ಇರುವುದು ಅದರಲ್ಲೇ.