ಮನಸ್ಸಿಗೆ ಅಂಕ ಹಾಕಿದವರ ಕಸುಬು

ಸಿಬಿಟಿ, ಅಂದರೆ ಅರಿವು-ವರ್ತನಾ ಚಿಕಿತ್ಸೆ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಗೆ ಎರಡು ಕವಲು. ‘ಅರಿವು’ ಕವಲಿನ ಆರನ್ ಬೆಕ್ ಹೊರಟದ್ದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹೇಳಿದ್ದೇ ಸರಿ ಎಂದು ತೋರಿಸಲು. ಹೊರಗೆ ಕಾರಲಾಗದ ಸಿಟ್ಟು ಒಳಕ್ಕೆ ತಿರುಗಿ ಖಿನ್ನತೆಯಾಗುತ್ತದೆ ಎನ್ನುವುದು ಆಗಿನ ಮನೋವಿಶ್ಲೇಷಕರ ನಂಬಿಕೆ. ಹಾಗಿದ್ದರೆ ಖಿನ್ನರ ಕನಸಿನಲ್ಲಿ ಆ ಸಿಟ್ಟು ಕಾಣಬೇಕಲ್ಲ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈ ಮನೋವೈದ್ಯ ಕನಸುಗಳನ್ನು ಕಲೆಹಾಕಿ ನೋಡಿದಾಗ ಸಿಕ್ಕಿದ್ದು ಸೋಲು, ನಷ್ಟ, ಕೈಲಾಗದತನ. ಎಚ್ಚರದಲ್ಲೂ ಅದೇ ರಾಗ: ‘ನನ್ನ ಕೈಲಿ ಏನೂ ಆಗಲ್ಲ’, ‘ನಾನು ಯಾರಿಗೂ ಬೇಡ’. ತಾನಾಗಿ ನುಗ್ಗುವ ಇಂಥ ಯೋಚನೆಯನ್ನು ಹಿಡಿದು ನಿಲ್ಲಿಸಿ ‘ಇದಕ್ಕೆ ಸಾಕ್ಷಿ ಏನು?’ ಎಂದು ಕೇಳುವುದೇ ಅವರ ಚಿಕಿತ್ಸೆಯಾಯಿತು. ನ್ಯೂಯಾರ್ಕಿನ ಆಲ್ಬರ್ಟ್ ಎಲಿಸ್ 1950ರ ದಶಕದ ನಡುವಿನಿಂದಲೇ ಹೆಚ್ಚುಕಡಿಮೆ ಇದನ್ನೇ, ಇನ್ನೂ ಜೋರು ದನಿಯಲ್ಲಿ ಮಾಡುತ್ತಿದ್ದರು.

ನಡವಳಿಕೆಯನ್ನೇ ನೇರವಾಗಿ ತಿದ್ದುವ ‘ವರ್ತನಾ’ ಎಂಬ ಇನ್ನೊಂದು ಕವಲು ಇದಕ್ಕಿಂತ ಹಳೆಯದು. ಪೀಟರ್ ಎಂಬ ಮಗುವಿಗೆ ಮೊಲ ಕಂಡರೆ ಭಯ. ಮಗು ತಿನ್ನುತ್ತಿರುವಾಗ ಮೊಲವನ್ನು ಇಷ್ಟಿಷ್ಟೇ ಹತ್ತಿರ ತಂದು ಆ ಭಯ ಬಿಡಿಸಿದ್ದನ್ನು ಮೇರಿ ಕವರ್ ಜೋನ್ಸ್ 1924ರಲ್ಲೇ ವರದಿ ಮಾಡಿದ್ದರು. ಈ ಪಂಗಡಕ್ಕೆ ‘ಯೋಚನೆ’ ಎಂಬ ಮಾತೇ ಅಲರ್ಜಿ. 1966ರಲ್ಲಿ ಹುಟ್ಟಿದ ಅಮೆರಿಕದ ವರ್ತನಾ ಚಿಕಿತ್ಸಕರ ಸಂಘದ ಹೆಸರಿಗೆ ‘ಅರಿವು’ ಸೇರಿದ್ದು 2005ರಲ್ಲಿ! ಕ್ಲಿನಿಕ್‌ಗಳಲ್ಲಿ ಮಾತ್ರ ಎರಡೂ ಎಂದೋ ಬೆರೆತುಹೋಗಿದ್ದವು.

ಇದು ಪ್ರತ್ಯೇಕ ಕಸುಬಾಗಲು ಮುಖ್ಯ ಕಾರಣ ಎಣಿಕೆ ಎಂಬುದು ನನ್ನ ಲೆಕ್ಕ. ಬೆಕ್ 1961ರಲ್ಲಿ ಪ್ರಕಟಿಸಿದ ಖಿನ್ನತೆಯ ಮಾಪನದಲ್ಲಿ 21 ಅಂಶಗಳು, ಒಂದೊಂದಕ್ಕೂ ಸೊನ್ನೆಯಿಂದ 3 ಅಂಕ. ದುಃಖಕ್ಕೂ ಮಾರ್ಕ್ಸ್ ಕಾರ್ಡ್! ಅಂಕ ಇದ್ದರೆ ಹೋಲಿಕೆ ಸಾಧ್ಯ: 1977ರಲ್ಲಿ 41 ಹೊರರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಈ ಮಾತಿನ ಚಿಕಿತ್ಸೆ ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆಯನ್ನು ಹಿಂದಿಕ್ಕಿತು. 1979ರಲ್ಲಿ ಕೈಪಿಡಿಯೂ ಬಂತು. ಕೈಪಿಡಿ ಇದ್ದದ್ದನ್ನು ಕಲಿಸಬಹುದು, ಪರೀಕ್ಷೆ ಇಡಬಹುದು, ಸರ್ಟಿಫಿಕೇಟ್ ಕೊಡಬಹುದು. ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್, ಇದಕ್ಕೆ ಹಾಕಿದ ದುಡ್ಡು ಸರ್ಕಾರಕ್ಕೆ ವಾಪಸ್ ಬರುತ್ತದೆ ಎಂದು ವಾದಿಸಿದರು. ಆ ವಾದದ ಮೇಲೆ 2008ರಲ್ಲಿ ಶುರುವಾದ ಸರ್ಕಾರಿ ಯೋಜನೆ ಸಾವಿರಾರು ಚಿಕಿತ್ಸಕರನ್ನು ತಯಾರು ಮಾಡಿತು. ಅಲ್ಲಿ ಪ್ರತಿ ಭೇಟಿಯಲ್ಲೂ ಅಂಕ. ಬಾಡಿಗೆ ಕಟ್ಟಲಾಗದವನ ಚಿಂತೆ ಯೋಚನೆಯ ದೋಷವಲ್ಲ ಎಂಬ ಆಕ್ಷೇಪವೂ ಜೊತೆಗೇ ಬಂತು. ಅದನ್ನು ತಳ್ಳಿಹಾಕಲು ನನಗಂತೂ ಆಗುವುದಿಲ್ಲ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1954ರಲ್ಲಿ ಇಲ್ಲಿ ತೆರೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಚಿಕಿತ್ಸಾ ಮನಶ್ಶಾಸ್ತ್ರದ ತರಬೇತಿ ಆರಂಭಿಸಿತು. 1974ರಲ್ಲಿ ಅದೇ ನಿಮ್ಹಾನ್ಸ್‌ನ ಭಾಗವಾಯಿತು. ಕನ್ನಡದಲ್ಲಿ ಈ ಚಿಕಿತ್ಸೆಗೆ ಒಂದು ವಿಚಿತ್ರ ತೊಡಕಿದೆ. ರೋಗಿ ತುಂಬಬೇಕಾದ ಹೋಮ್‌ವರ್ಕ್ ಹಾಳೆಯಲ್ಲಿ ಯೋಚನೆಗೊಂದು ಕಾಲಂ, ಭಾವನೆಗೊಂದು ಕಾಲಂ. ನಮ್ಮ ‘ಅನ್ನಿಸ್ತು’ ಯಾವ ಕಾಲಂಗೆ? ‘ಬೇಜಾರು’ ಎಂದರೆ ದುಃಖವೇ, ಬೇಸರವೇ, ಮುನಿಸೇ? ಹಾಳೆಗಿಂತ ಮೊದಲು ಅದನ್ನೇ ಬಿಡಿಸಬೇಕು.

1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರುವುದು ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರಿಗೆ. ಸಿಬಿಟಿಗೆಂದೇ ಬೇರೆ ಪಟ್ಟಿ ಇಲ್ಲ. ಹಾಗಾಗಿ ಬೋರ್ಡಿನ ಮೇಲಿನ ‘ಸಿಬಿಟಿ ಥೆರಪಿಸ್ಟ್’ ಹಿಂದೆ ಎರಡು ವರ್ಷದ ಎಂ.ಫಿಲ್. ಇರಬಹುದು, ಎರಡು ದಿನದ ಆನ್‌ಲೈನ್ ಕೋರ್ಸೂ ಇರಬಹುದು. ನೋಂದಣಿ ಸಂಖ್ಯೆ ಕೇಳಿದರೆ ಯಾವುದೆಂದು ಗೊತ್ತಾಗುತ್ತದೆ.